ಪದರ ಪದರವಾಗಿ ನುಡಿಯುವ ವಿಡಿಯೊ ಗೇಮ್ ಸಂಗೀತ

ವಿಡಿಯೊ ಗೇಮ್‌ಗೆ ಸಂಗೀತ ರಚಿಸುವವರಿಗೆ ಸಿನಿಮಾ ಸಂಗೀತಗಾರರಿಗಿಲ್ಲದ ತೊಡಕೊಂದಿದೆ. ಸಿನಿಮಾದ ದೃಶ್ಯ ಎಷ್ಟು ಸೆಕೆಂಡು ನಡೆಯುತ್ತದೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಗೇಮ್‌ನಲ್ಲಿ ಒಂದೇ ಹಂತವನ್ನು ಒಬ್ಬ ಆಟಗಾರ ಅರ್ಧ ನಿಮಿಷದಲ್ಲಿ ದಾಟಿದರೆ ಇನ್ನೊಬ್ಬ ಅರ್ಧ ಗಂಟೆ ಅಲ್ಲೇ ಸುತ್ತಾಡಬಹುದು. ಎಷ್ಟು ಹೊತ್ತು ನುಡಿಯಬೇಕು, ಯಾವ ಕ್ಷಣದಲ್ಲಿ ಭಾವ ಬದಲಿಸಬೇಕು ಎರಡೂ ಗೊತ್ತಿಲ್ಲದೆ ಬರೆಯುವ ಸಂಗೀತ ಕೇಳುಗನಿಗೆ ಬೇಸರ ತರದಿರಲು ಸಂಯೋಜಕರು ಕಂಡುಕೊಂಡ ಮುಖ್ಯ ಉಪಾಯವೆಂದರೆ ಲಯ, ಬೇಸ್ (ತಳದ ಮಂದ್ರ ಸ್ವರಗಳು), ಹಾರ್ಮನಿ (ಧಾಟಿಯ ಜೊತೆಗೆ ಒಟ್ಟಿಗೆ ನುಡಿಯುವ ಸ್ವರಗಳು), ಮುಖ್ಯ ಧಾಟಿ ಇವುಗಳನ್ನು ಬಿಡಿ ಪದರಗಳಾಗಿ ಇಟ್ಟುಕೊಂಡು, ಬೇಕಾದಾಗ ಬೇಕಾದದ್ದನ್ನು ಸೇರಿಸುವುದು, ತೆಗೆಯುವುದು. ಈ ಪದರಗಳ ಚರಿತ್ರೆ ಒಂದೇ ಸಮನೆ ಮೇಲೇರಿದ್ದಲ್ಲ. ಯಂತ್ರಗಳು ಬಲಗೊಂಡ ಕಾಲದಲ್ಲೇ ಅವು ಒಮ್ಮೆ ಹಿಂದೆ ಸರಿದು, ಆಮೇಲೆ ಮರಳಿದವು.

ಮೊದಲು ಬಂದದ್ದು ಲಯ. ಟೊಮೊಹಿರೊ ನಿಶಿಕಾಡೊ ರೂಪಿಸಿ ಟೈಟೊ ಕಂಪನಿ 1978ರಲ್ಲಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇಳಿಮುಖವಾದ ನಾಲ್ಕು ಮಂದ್ರ ಸ್ವರಗಳು ಬಿಡದೆ ಸುತ್ತುತ್ತವೆ. ಪರದೆಯ ಮೇಲೆ ಅನ್ಯಗ್ರಹದ ಶತ್ರುಗಳು ಕಡಿಮೆಯಾದಂತೆ ಉಳಿದವರ ನಡಿಗೆ ಚುರುಕಾಗುತ್ತದೆ, ಅದರೊಂದಿಗೆ ಈ ಸ್ವರಗಳ ಗತಿಯೂ ಏರುತ್ತದೆ. ಶತ್ರುಗಳ ಈ ವೇಗ ಮೂಲತಃ ಯಂತ್ರದ ಮಿತಿಯಿಂದ ಹುಟ್ಟಿದ್ದು: ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದಷ್ಟೂ ಪ್ರೊಸೆಸರ್ ಬೇಗ ಕೆಲಸ ಮುಗಿಸುತ್ತಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡಿದ್ದರಿಂದ, ಧಾಟಿಯೆಂದು ಕರೆಯಬಹುದಾದದ್ದು ಏನೂ ಇಲ್ಲದಿದ್ದರೂ, ಆಟದ ಸ್ಥಿತಿಗೆ ತಕ್ಕಂತೆ ಬದಲಾಗುವ ಸಂಗೀತ ಅಲ್ಲಿಂದಲೇ ಶುರುವಾಯಿತು.

1983ರಲ್ಲಿ ಬಂದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಮನೆಯ ಗೇಮ್ ಯಂತ್ರದಲ್ಲಿ ಧ್ವನಿಗೆ ಇದ್ದದ್ದು ಐದೇ ಚಾನೆಲ್ (ಒಮ್ಮೆಗೆ ಒಂದೇ ದನಿ ನುಡಿಯುವ ದಾರಿ): ಎರಡು ಪಲ್ಸ್ ಅಲೆಗಳು, ಒಂದು ತ್ರಿಕೋನ ಅಲೆ, ಒಂದು ಗದ್ದಲದ ಚಾನೆಲ್, ಜೊತೆಗೆ ಚಿಕ್ಕಪುಟ್ಟ ಧ್ವನಿಮುದ್ರಿಕೆಗಳನ್ನು ನುಡಿಸುವ ಒಂದು ಚಾನೆಲ್. ಕೊಜಿ ಕೊಂಡೊ 1985ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಬರೆದ ಮೊದಲ ಹಂತದ ಸಂಗೀತವನ್ನು ಈ ಲೆಕ್ಕ ಮನಸ್ಸಿನಲ್ಲಿಟ್ಟು ಕೇಳಿದರೆ ಅದರ ಕಟ್ಟಡ ಬಿಚ್ಚಿಕೊಳ್ಳುತ್ತದೆ. ಎರಡು ಪಲ್ಸ್ ದನಿಗಳು ಕೈಕೈ ಹಿಡಿದಂತೆ ಒಟ್ಟಿಗೆ ಸಾಗುತ್ತವೆ. ಮೇಲಿನದು ಧಾಟಿಯಾದರೆ ಕೆಳಗಿನದು ಅದಕ್ಕೆ ಹಾರ್ಮನಿ. ತ್ರಿಕೋನ ಅಲೆಗೆ ಸದ್ದಿನ ಮಟ್ಟವನ್ನು ಏರಿಳಿಸುವ ಸೌಲಭ್ಯವೇ ಇಲ್ಲ. ಒಂದೋ ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಬೇಸ್‌ಗೆ ಅದೇ ಸಾಕು. ಗದ್ದಲದ ಚಾನೆಲ್ ತಾಳವಾದ್ಯದ ಕೆಲಸ ಹೊರುತ್ತದೆ. ಧಾಟಿ ಮಾತ್ರ ತಾಳದ ಪೆಟ್ಟಿನ ಮೇಲೆ ನೇರವಾಗಿ ಬೀಳದೆ ಅದಕ್ಕಿಂತ ಕೊಂಚ ಮುಂಚೆ, ಕೊಂಚ ತಡವಾಗಿ ಜಾರುತ್ತ ಹೋಗುವುದರಿಂದ ಇಡೀ ರಚನೆಗೆ ನೆಗೆತದ ಗುಣ ಬಂದಿದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರಿಯೊ ಜಿಗಿದಾಗ ಬರುವ ಸದ್ದಿಗೂ ಒಂದು ಪಲ್ಸ್ ಚಾನೆಲ್ ಬೇಕು. ಆ ಕ್ಷಣಕ್ಕೆ ಸಂಗೀತದ ಒಂದು ದನಿ ಜಾಗ ಬಿಟ್ಟುಕೊಡುತ್ತದೆ, ಸದ್ದು ಮುಗಿದೊಡನೆ ಮರಳುತ್ತದೆ. ಆಟದುದ್ದಕ್ಕೂ ಹೀಗೆ ಹಾರ್ಮನಿ ತುಂಡಾಗುತ್ತಲೇ ಇದ್ದರೂ ಹೆಚ್ಚಿನವರು ಗಮನಿಸುವುದಿಲ್ಲ, ಏಕೆಂದರೆ ಉಳಿದ ದನಿಗಳು ಕಿವಿಯನ್ನು ಹಿಡಿದಿಟ್ಟಿರುತ್ತವೆ. ಒಂದು ಪದರ ಕಳಚಿದರೂ ನಿಲ್ಲಬಲ್ಲ ಸಂಗೀತವನ್ನು ಬರೆಯುವ ಅಭ್ಯಾಸ ಗೇಮ್ ಸಂಯೋಜಕರಿಗೆ ಇಲ್ಲಿಂದಲೇ ಬಂದಿರಬೇಕು ಎಂದು ನನಗನ್ನಿಸುತ್ತದೆ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡ ಮೊದಲ ವಿಡಿಯೊ ಗೇಮ್ ಸಂಗೀತ ಇದೇ.

ಅದೇ ಕಾಲದಲ್ಲಿ ಯುರೋಪಿನ ಸಂಯೋಜಕರು ಕಮೊಡೋರ್ 64 ಎಂಬ ಮನೆ ಕಂಪ್ಯೂಟರಿನ ಮೇಲೆ ಇನ್ನೂ ಬಿಗಿಯಾದ ಮಿತಿಯೊಂದಿಗೆ ಸೆಣಸುತ್ತಿದ್ದರು. ಬಾಬ್ ಯಾನೆಸ್ ವಿನ್ಯಾಸಗೊಳಿಸಿದ ಅದರ ಸಿಡ್ ಎಂಬ ಧ್ವನಿ ಚಿಪ್‌ಗೆ ಮೂರೇ ದನಿ. ಮೂರು ಸ್ವರಗಳ ಗುಚ್ಛವೊಂದನ್ನು ನೇರವಾಗಿ ನುಡಿಸಿದರೆ ಧಾಟಿಗೂ ಬೇಸ್‌ಗೂ ಏನೂ ಉಳಿಯದು. ಹಾಗಾಗಿ ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಒಂದೇ ದನಿಯಲ್ಲಿ ಆ ಮೂರು ಸ್ವರಗಳನ್ನು ಒಂದರ ಹಿಂದೊಂದು ಅತಿ ವೇಗವಾಗಿ ಸುತ್ತಿಸಿದರು. ಯುರೋಪಿನ ಟಿವಿ ಪರದೆ ಸೆಕೆಂಡಿಗೆ 50 ಬಾರಿ ಹೊಸದಾಗುತ್ತಿತ್ತು. ಪ್ರತಿ ಬಾರಿಗೂ ಒಂದು ಸ್ವರ ಬದಲಿಸಿದರೆ ಇಡೀ ಗುಚ್ಛ ಸೆಕೆಂಡಿಗೆ ಸುಮಾರು 16 ಸಲ ಮರಳುತ್ತದೆ. ಕಿವಿ ಅದನ್ನು ಅರ್ಧ ಸ್ವರಗುಚ್ಛವೆಂದೂ ಅರ್ಧ ಗುಂಯ್‌ಗುಡುವ ಕಂಪನವೆಂದೂ ಗ್ರಹಿಸುತ್ತದೆ. ಹಾರ್ಮನಿಯೇ ಇಲ್ಲಿ ಲಯವಾಗಿ ಬದಲಾಗಿದೆ. ಇಂದು ಬೇಕಾದಷ್ಟು ಚಾನೆಲ್ ಇರುವವರೂ ಹಳೆಯ ಧ್ವನಿ ಚಿಪ್‌ಗಳ ದನಿಯ ‘ಚಿಪ್‌ಟ್ಯೂನ್’ ಶೈಲಿಗಾಗಿ ಈ ತಂತ್ರವನ್ನು ಬಳಸುವುದಕ್ಕೆ ಕಾರಣ, ಅದು ಸೃಷ್ಟಿಸುವ ಮಿನುಗು ನಿಜವಾದ ಸ್ವರಗುಚ್ಛದಿಂದ ಸಿಗುವುದಿಲ್ಲ ಎಂಬುದು.

1990ರ ಸೂಪರ್ ಫ್ಯಾಮಿಕಾಮ್ ಎಂಟು ಚಾನೆಲ್‌ಗಳನ್ನೂ ಧ್ವನಿಗೆಂದೇ 64 ಕಿಲೊಬೈಟ್ ಮೆಮೊರಿಯನ್ನೂ ಕೊಟ್ಟಿತು. ಅದರೊಂದಿಗೇ ಬಂದ ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ ನಾಯಕ ಯೋಶಿ ಎಂಬ ಪ್ರಾಣಿಯನ್ನು ಏರಿದೊಡನೆ ನಡೆಯುತ್ತಿರುವ ಸಂಗೀತಕ್ಕೆ ಬೊಂಗೊ ಬಡಿತದ ಪದರವೊಂದು ಸೇರುತ್ತದೆ, ಇಳಿದೊಡನೆ ಕಳಚಿಕೊಳ್ಳುತ್ತದೆ. ಸೇರಿಸಿದ್ದು ತಾಳವಾದ್ಯ ಎಂಬುದನ್ನು ಗಮನಿಸಬೇಕು. ಬೊಂಗೊಗೆ ನಿರ್ದಿಷ್ಟ ಸ್ವರದ ಹಂಗಿಲ್ಲ. ಯಾವ ಸ್ವರಗುಚ್ಛದ ನಡುವೆ ಬಂದರೂ ಅಪಸ್ವರವಾಗದು. ಸ್ವರವುಳ್ಳ ಪದರವನ್ನು ಹೀಗೆ ಹಠಾತ್ತನೆ ತರುವುದು ಬಹಳ ಕಷ್ಟ.

ಆ ಕಷ್ಟವನ್ನು ನೇರವಾಗಿ ಎದುರಿಸಿದ್ದು ಲ್ಯೂಕಾಸ್‌ಆರ್ಟ್ಸ್ ಎಂಬ ಗೇಮ್ ಕಂಪನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್. ಅವರು ರೂಪಿಸಿದ ಐಮ್ಯೂಸ್ ವ್ಯವಸ್ಥೆ 1991ರ ‘ಮಂಕಿ ಐಲೆಂಡ್ 2’ರಲ್ಲಿ ಬಳಕೆಗೆ ಬಂತು. ಅದರ ವುಡ್‌ಟಿಕ್ ಎಂಬ ಊರಿನಲ್ಲಿ ನಾಯಕ ಒಂದೊಂದು ಕೋಣೆಯನ್ನು ಹೊಕ್ಕಾಗಲೂ ಮೂಲ ಸಂಗೀತ ನಿಲ್ಲದೆ, ಆ ಕೋಣೆಗೆ ತಕ್ಕ ವಾದ್ಯ ಮತ್ತು ಧಾಟಿಗೆ ಹೊರಳಿಕೊಳ್ಳುತ್ತದೆ. ಹೊರಬಂದರೆ ತಾಳಕ್ಕೆ ಹೊಂದುವ ಜಾಗದಲ್ಲಿ ಮರಳುತ್ತದೆ. ಇದು ಸಾಧ್ಯವಾದದ್ದು ಆ ಸಂಗೀತ ಮಿಡಿ ರೂಪದಲ್ಲಿ, ಅಂದರೆ ಧ್ವನಿಮುದ್ರಣವಾಗಿ ಅಲ್ಲದೆ ಸ್ವರಗಳ ಸೂಚನೆಯಾಗಿ ಇದ್ದುದರಿಂದ. ಸೂಚನೆಯನ್ನು ನಡುವೆಯೇ ತಿದ್ದಬಹುದು.

ಸಿಡಿ ಬಂದಾಗ ತಪ್ಪಿಹೋದದ್ದು ಇದೇ. ನಿಜವಾದ ವಾದ್ಯವೃಂದವನ್ನೇ ಮುದ್ರಿಸಿ ಕೇಳಿಸುವ ಸೌಲಭ್ಯವೇನೋ ಸಿಕ್ಕಿತು; ಆದರೆ ಮುದ್ರಿತ ಸಂಗೀತದಲ್ಲಿ ಪಿಟೀಲು, ಬೇಸ್, ತಾಳವಾದ್ಯ ಎಲ್ಲವೂ ಒಂದೇ ಎಳೆಯಾಗಿ ಬೆಸೆದುಕೊಂಡಿರುವುದರಿಂದ ಒಂದನ್ನು ಬೇರ್ಪಡಿಸಲಾಗದು. ಆ ವರ್ಷಗಳ ಎಷ್ಟೋ ಗೇಮ್‌ಗಳ ನಾದ ಸೊಗಸು, ಆದರೆ ಆಟಗಾರ ಏನು ಮಾಡಿದರೂ ಸಂಗೀತ ತನ್ನ ಪಾಡಿಗೆ ತಾನು ಸಾಗುತ್ತದೆ. ಸಿಡಿಗೆ ಹೋಗದೆ ಕಾರ್ಟ್ರಿಜ್ ಅನ್ನೇ (ಚಿಪ್‌ನಲ್ಲಿ ಗೇಮ್ ತುಂಬಿದ ಡಬ್ಬಿ) ಉಳಿಸಿಕೊಂಡ ನಿಂಟೆಂಡೊ 64 ಯಂತ್ರದಲ್ಲಿ ಹಳೆಯ ದಾರಿ ಉಳಿಯಿತು: 1998ರ ‘ಬ್ಯಾಂಜೊ-ಕಜೂಯಿ’ಯಲ್ಲಿ ಗ್ರಾಂಟ್ ಕರ್ಕೋಪ್ ಬರೆದ ಮಾಟಗಾತಿಯ ಗುಹೆಯ ಸಂಗೀತ, ನಾಯಕ ಯಾವ ಲೋಕದ ಬಾಗಿಲಿನ ಬಳಿ ನಿಂತಿದ್ದಾನೆ ಎಂಬುದಕ್ಕೆ ತಕ್ಕಂತೆ ವಾದ್ಯಗಳನ್ನು ಬದಲಿಸುತ್ತದೆ.

ಹಲವು ಧ್ವನಿಮುದ್ರಣಗಳನ್ನು ಏಕಕಾಲಕ್ಕೆ ನುಡಿಸಬಲ್ಲ ಯಂತ್ರಗಳು ಬಂದ ಮೇಲೆ ಪದರಗಳು ಮರಳಿದವು, ಆದರೆ ಹಾರ್ಮನಿ ಅದಕ್ಕೆ ಬೆಲೆ ತೆರಬೇಕಾಯಿತು. 2010ರ ‘ರೆಡ್ ಡೆಡ್ ರಿಡೆಂಪ್ಷನ್’ಗಾಗಿ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಬಹುಪಾಲು ಸಂಗೀತವನ್ನು ಎ ಮೈನರ್ ಶ್ರುತಿಯಲ್ಲಿ, ನಿಮಿಷಕ್ಕೆ 130 ಪೆಟ್ಟುಗಳ ಒಂದೇ ಗತಿಯಲ್ಲಿ ಮುದ್ರಿಸಿದರು. ಕುದುರೆ ಓಡಿದಾಗ, ಗುಂಡು ಹಾರಿದಾಗ ಯಾವ ಪದರ ಬಂದರೂ ಹೊಂದಿಕೊಳ್ಳಲೆಂದು ಈ ಏರ್ಪಾಡು. ಲಯದ ಮಟ್ಟಿಗೆ ಇದು ಬಹಳ ಸ್ವತಂತ್ರ. ಹಾರ್ಮನಿಯ ಮಟ್ಟಿಗೆ ಅಲ್ಲ: ಎಲ್ಲ ಪದರಗಳೂ ಎಲ್ಲ ಕ್ಷಣಗಳಲ್ಲೂ ಒಂದಕ್ಕೊಂದು ಹೊಂದಬೇಕಾದರೆ ಸ್ವರಗುಚ್ಛಗಳು ದೂರ ಸಂಚರಿಸುವಂತಿಲ್ಲ, ತಂಬೂರಿಯ ಶ್ರುತಿಯಂತೆ ಒಂದೇ ನೆಲೆಯಲ್ಲಿ ನಿಲ್ಲಬೇಕು. ಹರಡಿಕೊಂಡ ಬಯಲಿಗೆ ಅದು ಒಪ್ಪಿತು. ಎಲ್ಲ ಆಟಕ್ಕೂ ಒಪ್ಪದು.

ಇನ್ನೊಂದು ದಾರಿ, ಇಡೀ ರಚನೆಯನ್ನೇ ಒಂದೇ ಉದ್ದದ ಹಲವು ರೂಪಗಳಲ್ಲಿ ಬರೆಯುವುದು. ಕೆಯಿಚಿ ಒಕಾಬೆ ಮತ್ತು ಸಂಗಡಿಗರ ‘ನಿಯರ್: ಆಟೊಮೇಟಾ’ (2017) ಸಂಗೀತದಲ್ಲಿ ಒಂದೇ ರಚನೆಗೆ ಮೆಲುವಾದ, ನಡುವಣ, ಆರ್ಭಟದ ರೂಪಗಳಿದ್ದು, ಹಳೆಯ ಚಿಪ್ ದನಿಯ ರೂಪವೂ ಸೇರಿದೆ. ಎಲ್ಲದರ ಸ್ವರಗುಚ್ಛಗಳೂ ಒಟ್ಟಿಗೆ ಸಾಗುವುದರಿಂದ ಹಾರ್ಮನಿ ಎಷ್ಟು ದೂರ ಹೋದರೂ ತೊಂದರೆಯಿಲ್ಲ. ಬರೆಯುವ, ಮುದ್ರಿಸುವ ಶ್ರಮ ಮಾತ್ರ ಹಲವು ಪಟ್ಟು. ಬೆನ್ ಪ್ರಂಟಿ ‘ಎಫ್‌ಟಿಎಲ್’ (2012) ಎಂಬ ಗೇಮ್‌ಗೆ ಮಾಡಿದ್ದೂ ಇದನ್ನೇ, ಇನ್ನಷ್ಟು ಸರಳವಾಗಿ: ಪ್ರತಿ ರಚನೆಗೂ ಸಂಚಾರದ ರೂಪವೊಂದು, ಕಾದಾಟದ ರೂಪವೊಂದು. ಆಡುವಾಗ ಅವು ಒಂದರೊಳಗೊಂದು ಕರಗುತ್ತವೆ. ಆಲ್ಬಮ್‌ನಲ್ಲಿ ಮಾತ್ರ ಎರಡೂ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಸಿಗುವುದರಿಂದ, ತಾಳವಾದ್ಯದ ಪದರ ಸೇರಿದೊಡನೆ ಅದೇ ಹಾರ್ಮನಿ ಎಷ್ಟು ಬೇರೆಯಾಗಿ ಕೇಳಿಸುತ್ತದೆ ಎಂಬುದನ್ನು ಹೋಲಿಸಿ ನೋಡಬಯಸುವವರು ಅವೆರಡನ್ನೂ ಬೆನ್ನಿಗೆ ಬೆನ್ನು ಕೇಳಬಹುದು.