‘ಬ್ಲ್ಯಾಕ್’ ಹೋಯಿತು, ‘ಹ್ಯಾಂಡ್ಲಿಂಗ್’ ಬಂತು

ಅಡಿಕೆ ಮಂಡಿಯಿಂದ ದುಡ್ಡು ಕೈಗೆ ಬಂದ ವಾರವೇ ಸಾಗರ ಕಡೆಯ ಭಾವ ಶಿವಮೊಗ್ಗಕ್ಕೆ ಬಂದರು. ಕಾರು ತಗೊಳ್ಳಬೇಕಿತ್ತು. ಜೊತೆಗೆ ನಾನೂ ಹೋದೆ. ಶೋರೂಮಿನ ಹುಡುಗ ಎ.ಸಿ. ಕೆಳಗೆ ಕೂರಿಸಿ, ಕಾಫಿ ಕೊಟ್ಟು, ಕೊಟೇಶನ್ ಕೈಗಿಟ್ಟ. ಮೇಲಿನ ಸಾಲಿನಲ್ಲಿ ಎಕ್ಸ್ ಶೋರೂಂ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆ, 8 ಲಕ್ಷ. ಕೊನೆಯ ಸಾಲಿನಲ್ಲಿ 10 ಲಕ್ಷ 23 ಸಾವಿರದ ಹತ್ತಿರ.

ಭಾವ ಮಂಡಿಯಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ಕಮ್ಮಿ ಹೇಳಿದರೂ ಮೂಟೆ ವಾಪಸ್ ತರುವ ಪೈಕಿ. ಇಲ್ಲಿ ಮಾತ್ರ ಸುಮ್ನೆ ತಲೆ ಆಡಿಸುತ್ತಿದ್ದರು.

"ಎಂತ ಕೇಳೋದು ಮಾರಾಯ? ಕಂಪನಿ ರೇಟು ಅದು" ಅಂದರು.

ಈ ‘ಕಂಪನಿ ರೇಟು’ ಅನ್ನುವ ಮಾತು ಒಂದು ಕಾಲದಲ್ಲಿ ‘ಸರಕಾರದ ರೇಟು’ ಆಗಿತ್ತು. ಕಾರು ತಯಾರಿಸಲೂ ಸರಕಾರದ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ದೇಶದಲ್ಲಿ ಕಾರು ಅಂದರೆ ಹೆಚ್ಚುಕಮ್ಮಿ ಮೂರೇ. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಕಂಪನಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕು ಅನ್ನುವುದನ್ನೂ ದೆಹಲಿಯೇ ಹೇಳುತ್ತಿತ್ತು. 1969ರಲ್ಲಂತೂ ಸರಕಾರ ಮಾರಾಟದ ಬೆಲೆಯನ್ನೇ ಗೊತ್ತುಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು.

ಬೆಲೆ ಗೊತ್ತು, ಕಾರು ಇಲ್ಲ. ಹಾಗಾದಾಗ ಏನಾಗುತ್ತದೆ ಅಂತ ಸೀಮೆಎಣ್ಣೆಗೆ ಸಾಲು ನಿಂತವರಿಗೆಲ್ಲ ಗೊತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅರ್ಜೆಂಟ್ ಇದ್ದವನು ಮುಂದೆ ಸರದಿ ಇದ್ದವನಿಗೆ ಮೇಲಿಂದ ದುಡ್ಡು ಕೊಟ್ಟು ಬ್ಲ್ಯಾಕಲ್ಲಿ ತಗೊಳ್ಳುತ್ತಿದ್ದ. ಒಮ್ಮೊಮ್ಮೆ ಓಡಿದ ಕಾರಿಗೇ ಹೊಸದಕ್ಕಿಂತ ಜಾಸ್ತಿ ಬೆಲೆ. ಮಲೆನಾಡಿನ ತೋಟದ ಮನೆಗಳಲ್ಲಿ ಹಳೇ ಜೀಪನ್ನು ಮಗನಂತೆ ಸಾಕುತ್ತಿದ್ದದ್ದು ಘಾಟಿ ಹತ್ತುತ್ತದೆ ಅಂತ ಮಾತ್ರ ಅಲ್ಲ. ಅದು ಹೋದರೆ ಇನ್ನೊಂದು ಸಿಗುವುದು ಯಾವಾಗಲೋ!

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಅವರಿಗೆ ಕಾರು ಸಿಕ್ಕಿದ್ದು ಲಾಟರಿಯಲ್ಲಿ. ಅಂದರೆ ಕಾರು ಹೊಸದು, ಸಾಲು ಹಳೆಯದೇ. 1991ರ ಉದಾರೀಕರಣ ಬಂತು, 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾಯಿತು. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಎರಡೂ ಬಂದವು. ಆಮೇಲೆ ಕಾರೇ ಗಿರಾಕಿಗಾಗಿ ಕಾಯುವ ಕಾಲ. ಬ್ಲ್ಯಾಕ್ ಸತ್ತಿತು. ಆ ಮೇಲಿನ ದುಡ್ಡು ಸಾಯಲಿಲ್ಲ, ಜಾಗ ಬದಲಿಸಿತು. ಮೊದಲು ಅದು ಕಾರಿನ ಬೆಲೆಯ ಮೇಲೆ ಕೂರುತ್ತಿತ್ತು. ಈಗ ಕಾರಿನ ಸುತ್ತ ಇರುವ ಕಾಗದಗಳಲ್ಲಿ ಕೂತಿದೆ.

ಡೀಲರ್‌ಗೆ ಕಾರಿನ ಮೇಲೆ ಉಳಿಯುವುದು ಕಡಿಮೆ. ಎಕ್ಸ್ ಶೋರೂಂ ಬೆಲೆ ಕಂಪನಿಯದ್ದು. ರಿಯಾಯಿತಿ ಕೊಡುತ್ತೇನೆ ಅಂದರೂ ಕೆಲವು ಸಲ ಕಂಪನಿ ಬಿಡುವುದಿಲ್ಲ. ಹೀಗೆ ಡೀಲರ್‌ಗಳ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕಾಗಿಯೇ 2021ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯಿತು. ಬಾಡಿಗೆ, ಸಂಬಳ, ಆ ಎ.ಸಿ., ಆ ಕಾಫಿ ಎಲ್ಲ ಎಲ್ಲಿಂದ ಹುಟ್ಟಬೇಕು? ಇನ್ಶೂರೆನ್ಸ್, ಸಾಲ, ಆಕ್ಸೆಸರಿ, ಸರ್ವಿಸ್ ಇವುಗಳಿಂದ. ಹಾಗಾಗಿ ಶೋರೂಮಿನವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಅವರ ಹೊಟ್ಟೆಪಾಡು ಕೊಟೇಶನ್ನಿನ ಕೆಳಭಾಗದಲ್ಲಿದೆ, ಅಷ್ಟೇ. ನಮ್ಮ ಕಣ್ಣೂ ಅಲ್ಲೇ ಇರಬೇಕು, ಅಲ್ವಾ?

ಭಾವನ ಕಾಗದವನ್ನೇ ನೋಡೋಣ. ಅದರಲ್ಲಿ ಚೌಕಾಸಿಗೆ ಬಾರದ ಸಾಲು ಒಂದೇ, ರಸ್ತೆ ತೆರಿಗೆ. ಕರ್ನಾಟಕದ್ದು ದೇಶದಲ್ಲೇ ಜಾಸ್ತಿ ಇರುವ ತೆರಿಗೆಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ. 13, ಅಲ್ಲಿಂದ 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದರ ಮೇಲೆ ಶೇ. 18. ಬಂದ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 8 ಲಕ್ಷಕ್ಕೆ ಲೆಕ್ಕ ಹಾಕಿದರೆ 1,24,320 ರೂಪಾಯಿ. ಇಲ್ಲೊಂದು ಮೆಟ್ಟಿಲಿದೆ. 9 ಲಕ್ಷ 99 ಸಾವಿರದ ಕಾರಿಗೂ 10 ಲಕ್ಷ 1 ಸಾವಿರದ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸ 2 ಸಾವಿರ, ತೆರಿಗೆಯಲ್ಲಿ 33 ಸಾವಿರಕ್ಕೂ ಜಾಸ್ತಿ. "ಸ್ವಲ್ಪ ಮೇಲಿನ ಮಾಡೆಲ್ ತಗೊಳ್ಳಿ ಸಾರ್" ಅಂದಾಗ ಇದನ್ನು ನೆನಪಿಡಬೇಕು. 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ ಅಂತಲೂ ಹಿಡಿಯುತ್ತಾರೆ, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ. 2016ರಿಂದ ಇರುವ ನಿಯಮ ಅದು. ಆದರೆ ಆ ದುಡ್ಡು ನಿಮ್ಮದೇ. ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ ವಾಪಸ್ ಪಡೆಯಬಹುದು. ತೋಟದ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ ಹಾಕದೆ ಕೂರುವವರು ಅದನ್ನು ಅಲ್ಲೇ ಬಿಡುತ್ತಾರೆ.

ಇನ್ನು ಇನ್ಶೂರೆನ್ಸ್. ಭಾವನಿಗೆ ಬರೆದಿದ್ದು 42 ಸಾವಿರ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಆ ದರವನ್ನು ಸರಕಾರ ಗೊತ್ತುಮಾಡುತ್ತದೆ. 2022ರಲ್ಲಿ ನಿಗದಿಯಾದಂತೆ 1000ದಿಂದ 1500 ಸಿಸಿವರೆಗಿನ ಕಾರಿಗೆ 3 ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಯಾರ ಹತ್ತಿರ ಮಾಡಿಸಿದರೂ ಇಷ್ಟೇ. ಉಳಿದದ್ದು ನಿಮ್ಮ ಕಾರಿನ ಹಾನಿಗೆ ಕಟ್ಟುವ ಪಾಲು. ಕಂಪನಿಯಿಂದ ಕಂಪನಿಗೆ ದರ ಬೇರೆಯಾಗುವುದು ಇಲ್ಲಿ, ಶೋರೂಮಿಗೆ ಉಳಿಯುವುದೂ ಇಲ್ಲೇ. ಅದೇ ಮೊತ್ತದ ರಕ್ಷಣೆ, ಅದೇ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡುವ ಸೌಲಭ್ಯ) ಇಟ್ಟು ಹೊರಗೆ ವಿಚಾರಿಸಿದೆವು. 26 ಸಾವಿರಕ್ಕೆ ಸಿಕ್ಕಿತು. ಹುಡುಗ ತಕ್ಷಣ ಅಸ್ತ್ರ ತೆಗೆದ: "ಹೊರಗಿನ ಇನ್ಶೂರೆನ್ಸಿಗೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗಲ್ಲ ಸಾರ್." ಕ್ಯಾಶ್‌ಲೆಸ್ ಅಂದರೆ ರಿಪೇರಿ ದುಡ್ಡನ್ನು ವಿಮಾ ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು. ಅದು ಆಗುವುದು ಬಿಡುವುದು ವಿಮಾ ಕಂಪನಿಗೂ ಗ್ಯಾರೇಜಿಗೂ ಇರುವ ಒಪ್ಪಂದದ ಮೇಲೆ. ವಿಮಾ ಕಂಪನಿಯ ಪಟ್ಟಿ ತೆಗೆದು ನೋಡಿದರೆ ಅದೇ ಶೋರೂಮಿನ ವರ್ಕ್‌ಶಾಪ್ ಹೆಸರು ಅಲ್ಲಿತ್ತು! ಶೋರೂಮಿನಲ್ಲೇ ವಿಮೆ ಮಾಡಿಸಿ ಅಂತ ಯಾರೂ ಬಲವಂತ ಮಾಡುವಂತಿಲ್ಲ.

ಹ್ಯಾಂಡ್ಲಿಂಗ್ ಚಾರ್ಜ್ 9,500 ಅಂತ ಒಂದು ಸಾಲು. ಏನನ್ನು ಹ್ಯಾಂಡಲ್ ಮಾಡಿದ್ದು ಅಂದರೆ "ಡಿಪೋದಿಂದ ತರಿಸೋ ಖರ್ಚು" ಅಂದ. ಅಂಗಡಿಯವನು ಅಕ್ಕಿ ಮೂಟೆ ಲಾರಿಯಿಂದ ಇಳಿಸಿದ ಕೂಲಿಯನ್ನು ನಮ್ಮ ಬಿಲ್ಲಿಗೆ ಬೇರೆ ಹಾಕುತ್ತಾನಾ? ಮೋಟಾರು ವಾಹನ ಕಾಯ್ದೆಯಲ್ಲಿ ಈ ಹೆಸರಿನ ಫೀ ಇಲ್ಲ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಕತೆಯೂ ಹಾಗೇ. 2019ರ ಏಪ್ರಿಲ್‌ನಿಂದ ಹೊಸ ಕಾರಿಗೆ ಅದು ಕಾರಿನ ಬೆಲೆಯಲ್ಲೇ ಸೇರಿದೆ. ಬೇರೆ ಸಾಲು ಕಂಡರೆ ಹೊಡೆದುಹಾಕಿಸಿ.

ನಮ್ಮ ಕಡೆ ಚೆನ್ನಾಗಿ ಮಾರುವುದು ತುಕ್ಕಿನ ಹೆದರಿಕೆ. "ಸಾಗರದ ಮಳೆ ಅಂದ್ರೆ ಸಾರ್, ಅಡಿಭಾಗ ಎರಡೇ ವರ್ಷ" ಅಂತ ಶುರುವಾಗುತ್ತದೆ. ಮಳೆ ನಿಜ. ಆದರೆ ಈಗಿನ ಕಾರುಗಳ ಬಾಡಿಯನ್ನು ಕಾರ್ಖಾನೆಯಲ್ಲೇ ತುಕ್ಕುನಿರೋಧಕ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಬೇಕೇ ಬೇಕು ಅಂದರೆ ಅಡಿ ಕೋಟಿಂಗನ್ನು ಹೊರಗೂ ಹೊಡೆಸಬಹುದು. ಬಣ್ಣ ಹೊಳೆಯಲಿ ಅಂತ ಮೇಲೆ ಹಚ್ಚುವ ಟೆಫ್ಲಾನ್ ಬಗ್ಗೆ ನಾನು ಮಾತೇ ಆಡುವುದಿಲ್ಲ.

ಸಾಲದ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಹೆಚ್ಚು ದುಡ್ಡು ಹೋಗುವುದು ಇಲ್ಲಿ, ಮಾತಾಡುವುದು ಇಲ್ಲೇ ಕಮ್ಮಿ. "7 ಪರ್ಸೆಂಟ್ ಸಾರ್" ಅಂದರೆ ಫ್ಲಾಟ್ ದರವೋ, ಇಳಿಯುತ್ತಾ ಹೋಗುವ ಬಾಕಿಯ ಮೇಲಿನ ದರವೋ ಕೇಳಬೇಕು. 6 ಲಕ್ಷ ಸಾಲ, 5 ವರ್ಷ, 7 ಫ್ಲಾಟ್ ಅಂದರೆ ಬಡ್ಡಿ 2 ಲಕ್ಷ 10 ಸಾವಿರ, ತಿಂಗಳ ಕಂತು 13,500. ಪ್ರತಿ ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿ ಪೂರಾ 6 ಲಕ್ಷದ ಮೇಲೇ ನಡೆದಿರುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಇದೇ ಕಂತು ಸುಮಾರು 12.5 ಪರ್ಸೆಂಟ್ ಆಗುತ್ತದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲಕ್ಕೆ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ ಬರೆದ ಒಂದು ಮುಖ್ಯಾಂಶದ ಹಾಳೆಯನ್ನು ಸಾಲ ಕೊಡುವವರು ಕೊಡಲೇಬೇಕು. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ. "ಕಂತು ಎಷ್ಟು ಆಗ್ಬೋದು ಸಾರ್ ನಿಮ್ಗೆ?" ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಡಿ. ಕಂತು ಇಳಿಸಬೇಕಾದರೆ ಅವರು ವರ್ಷ ಏರಿಸುತ್ತಾರೆ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಅದನ್ನು ಯಾರಾದರೂ ‘ಆಫರ್’ ಅಂತ ಕರೆದರೆ, ಅದು ತೆರಿಗೆ ಇಳಿದದ್ದು, ಶೋರೂಮಿನ ರಿಯಾಯಿತಿ ಬೇರೆ ಎಲ್ಲಿದೆ ಅಂತ ಕೇಳಬಹುದು. ರಿಯಾಯಿತಿ ನಿಜವಾಗಿ ಸಿಗುವುದು ಆಷಾಢದಲ್ಲಿ, ಡಿಸೆಂಬರಿನಲ್ಲಿ. ಆಯುಧಪೂಜೆಗೆ ಬೇಕೇ ಬೇಕು ಅಂತ ಹಟ ಹಿಡಿದವನ ಜೊತೆ ಯಾರು ಚೌಕಾಸಿ ಮಾಡುತ್ತಾರೆ? ಡಿಸೆಂಬರಿನಲ್ಲಿ ತಗೊಳ್ಳುವವರು ಕಾರು ತಯಾರಾದ ತಿಂಗಳು ನೋಡಬೇಕು. ಕಾರಿನ ಜೊತೆ ತಯಾರಿಕಾ ಕಂಪನಿ ಕೊಡುವ ಫಾರಂ 22ರಲ್ಲಿ ಇರುತ್ತದೆ. ನೋಡುವುದೆಲ್ಲ ರಿಜಿಸ್ಟ್ರೇಶನ್‌ಗೆ ಮೊದಲೇ. ಕೆಎ-14 ಅಂತ ನಂಬರ್ ಬಿದ್ದ ಮೇಲೆ ಗೀರು ಕಂಡರೂ ಕಾರು ನಿಮ್ಮದೇ.

ಸೆಕೆಂಡ್ ಹ್ಯಾಂಡ್ ಕಡೆಗೆ ತಿರುಗಿದರೆ ಮೋಸದ ರೂಪ ಬೇರೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ದೊಡ್ಡ ಗಾಡಿಗಳು ಅಗ್ಗದಲ್ಲಿ ದಕ್ಷಿಣಕ್ಕೆ ಇಳಿದವು. ಹೇಳುವ ಬೆಲೆ ಅಗ್ಗವೇ. ಇಲ್ಲಿ ಮರುನೋಂದಣಿಗೆ ಕಟ್ಟುವ ರಸ್ತೆ ತೆರಿಗೆ ಆ ಬೆಲೆಯಲ್ಲಿ ಇರುವುದಿಲ್ಲ. 2018ರಲ್ಲಿ ಕೊಡಗು, ಕೇರಳ, 2019ರಲ್ಲಿ ನಮ್ಮ ಶಿವಮೊಗ್ಗವೇ ನೀರಲ್ಲಿ ಮುಳುಗಿತ್ತು. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕಾರು ತೊಳೆಯುವವರು ಅಷ್ಟು ಉದ್ದ ಎಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. 2023ರ ಏಪ್ರಿಲ್‌ನಿಂದ ಹಳೇ ಕಾರಿನ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು. ಪತ್ರ ತೋರಿಸಿ ಅಂದಾಗ ಕೆಲವರ ಮುಖ ನೋಡಬೇಕು ನೀವು.

ಭಾವನ ಕೊಟೇಶನ್ ಮೂರನೇ ಸಲ ಪ್ರಿಂಟ್ ಆಗಿ ಬಂತು. ವಿಮೆ ಹೊರಗಿನದು. ಕೋಟಿಂಗ್ ಇಲ್ಲ, ಆಕ್ಸೆಸರಿ ಕಿಟ್ ಇಲ್ಲ, ಹೆಚ್ಚುವರಿ ವಾರಂಟಿ ಇಲ್ಲ. ಒಟ್ಟು 9 ಲಕ್ಷ 55 ಸಾವಿರದ ಒಳಗೆ. ಹ್ಯಾಂಡ್ಲಿಂಗ್ ಸಾಲೂ ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ಹೊಸದೊಂದು ಸಾಲು, ‘ಲಾಜಿಸ್ಟಿಕ್ಸ್ 4,500’.

ಭಾವ ಕಾಫಿ ಲೋಟ ಕೆಳಗಿಟ್ಟು, ಹುಡುಗನ ಪೆನ್ನು ಕೇಳಿದರು.