ಡಿಸೇಬಲ್ ಮಾಡಿದ ಸರ್ವಿಸ್ ಮತ್ತೆ ಏಕೆ ಏಳುತ್ತದೆ?

ಪ್ರಿಂಟರೇ ಇಲ್ಲದ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮುದ್ರಣ ನೋಡಿಕೊಳ್ಳುವ ಕಪ್ಸ್ ಸರ್ವಿಸ್ ಓಡುತ್ತಿರಬೇಕಿಲ್ಲ. ಅದರ ಜೊತೆಗಾರ ಕಪ್ಸ್-ಬ್ರೌಸ್ಡ್ ಅಂತೂ ಖಂಡಿತ ಬೇಡ. ನೆಟ್‌ವರ್ಕಿನ ಪ್ರಿಂಟರುಗಳನ್ನು ಹುಡುಕಲು ಅದು 631ನೇ ಯುಡಿಪಿ ಪೋರ್ಟನ್ನು ತೆರೆದಿಡುತ್ತಿತ್ತು. ಆ ದಾರಿಯಿಂದ ಹೊರಗಿನವರು ನಕಲಿ ಪ್ರಿಂಟರನ್ನು ಸೇರಿಸಬಹುದು, ಬಳಕೆದಾರ ಅದಕ್ಕೆ ಪ್ರಿಂಟ್ ಕೊಟ್ಟಾಗ ತಮ್ಮ ಕಮಾಂಡ್ ಓಡಿಸಬಹುದು ಎಂಬುದು 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು.

ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ವ್ಯವಸ್ಥೆ ಸಿಸ್ಟಂಡಿ, ಅದಕ್ಕೆ ಆಜ್ಞೆ ಕೊಡುವ ಕಮಾಂಡ್ ಸಿಸ್ಟಂಸಿಟಿಎಲ್. ಹೆಚ್ಚಿನವರು ಸಿಸ್ಟಂಸಿಟಿಎಲ್ ಸ್ಟಾಪ್, ಆಮೇಲೆ ಡಿಸೇಬಲ್ ಕೊಟ್ಟು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಸ್ಟಾಪ್ ಆ ಹೊತ್ತಿಗೆ ಮಾತ್ರ ನಿಲ್ಲಿಸುತ್ತದೆ. ಡಿಸೇಬಲ್ ಮಾಡುವುದೂ ಇಷ್ಟೇ: ಬೂಟ್ ಆಗುವಾಗ ಸರ್ವಿಸನ್ನು ಎಬ್ಬಿಸಲು ಇಟ್ಟಿರುವ ಕೊಂಡಿಯನ್ನು ಇಟಿಸಿ ಫೋಲ್ಡರಿನಿಂದ ಅಳಿಸುತ್ತದೆ. ಬೇರೆ ಯಾರಾದರೂ ಕರೆದರೆ ಸರ್ವಿಸ್ ಏಳುವುದನ್ನು ಅದು ತಡೆಯುವುದಿಲ್ಲ.

ಕರೆಯುವವರು ಯಾರು ಎಂದು ತಿಳಿಯಲು ಸಿಸ್ಟಂಸಿಟಿಎಲ್ ಸ್ಟೇಟಸ್ ಕೊಟ್ಟು 'ಟ್ರಿಗರ್ಡ್ ಬೈ' ಎಂಬ ಸಾಲು ನೋಡಿ. ಕಪ್ಸ್ ವಿಷಯದಲ್ಲಿ ಅಲ್ಲಿ ಸಾಕೆಟ್ (ಸಂಪರ್ಕಕ್ಕೆ ಕಾಯುವ ಬಾಗಿಲು), ಪಾತ್ (ಫೈಲ್ ಇಲ್ಲವೇ ಫೋಲ್ಡರಿನ ಮೇಲೆ ಕಣ್ಣಿಡುವುದು) ಎಂಬ ಎರಡು ಯೂನಿಟ್‌ಗಳು, ಅಂದರೆ ಸಿಸ್ಟಂಡಿ ನೋಡಿಕೊಳ್ಳುವ ಘಟಕಗಳು, ಕಾಣುತ್ತವೆ. ಯಾವುದೋ ಅಪ್ಲಿಕೇಶನ್ ಪ್ರಿಂಟರ್ ಪಟ್ಟಿ ಕೇಳಲು ಸಾಕೆಟನ್ನು ಮುಟ್ಟಿದರೆ ಸಾಕು, ಕಪ್ಸ್ ಎದ್ದು ಕೂರುತ್ತದೆ. ಬೇರೆ ಸರ್ವಿಸ್‌ಗಳಲ್ಲಿ ಈ ಕೆಲಸ ಟೈಮರ್ ಇಲ್ಲವೇ ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮಾಡುತ್ತಿರಬಹುದು.

ಆದ್ದರಿಂದ ಕಪ್ಸ್‌ನ ಸರ್ವಿಸ್, ಸಾಕೆಟ್, ಪಾತ್ ಮೂರನ್ನೂ ಕಪ್ಸ್-ಬ್ರೌಸ್ಡ್ ಸರ್ವಿಸನ್ನೂ ಒಂದೇ ಸಾಲಿನಲ್ಲಿ ಬರೆದು, ನಿರ್ವಾಹಕನ ಅಧಿಕಾರ ಕೊಡುವ ಸುಡೊ ಜೊತೆ ಮೊದಲು ಡಿಸೇಬಲ್ ಕೊಡಿ, ನಂತರ ಮಾಸ್ಕ್. ಎರಡಕ್ಕೂ ನೌ ಎಂಬ ಆಯ್ಕೆಯನ್ನು ಮುಂದೆ ಎರಡು ಅಡ್ಡಗೆರೆ ಹಾಕಿ ಸೇರಿಸಿ. ಅದಿಲ್ಲದಿದ್ದರೆ ಈಗಾಗಲೇ ಓಡುತ್ತಿರುವುದು ಓಡುತ್ತಲೇ ಇರುತ್ತದೆ. ಮಾಸ್ಕ್ ಆ ಯೂನಿಟ್‌ನ ಹೆಸರನ್ನು ಡೆವ್-ನಲ್ ಎಂಬ ಖಾಲಿ ಫೈಲಿಗೆ ಜೋಡಿಸುತ್ತದೆ. ಆಮೇಲೆ ಯಾರು ಕರೆದರೂ ಅದು ಏಳಲಾರದು.

ಡಿಸೇಬಲ್ ಬಿಟ್ಟು ಬರೀ ಮಾಸ್ಕ್ ಮಾಡಿದರೆ ಹಳೆಯ ಕೊಂಡಿ ಉಳಿದುಕೊಳ್ಳುತ್ತದೆ. ಮುಂದೆಂದಾದರೂ ಅನ್‌ಮಾಸ್ಕ್ ಮಾಡಿದಾಗ ಮರುಬೂಟಿನಲ್ಲಿ ಸರ್ವಿಸ್ ತಾನಾಗಿ ವಾಪಸ್ ಬರುತ್ತದೆ. ಫೈಲ್ ಆಗಲೇ ಇದೆ ಎಂದು ಮಾಸ್ಕ್ ನಿರಾಕರಿಸಿದರೆ, ಯಾರೋ ಆ ಯೂನಿಟನ್ನು ತಿದ್ದಿ ಅದರ ಪ್ರತಿಯನ್ನು ಇಟಿಸಿಯ ಒಳಗಿನ ಸಿಸ್ಟಂಡಿ ಫೋಲ್ಡರಿನಲ್ಲಿ ಇಟ್ಟಿದ್ದಾರೆ ಎಂದರ್ಥ. ಅದನ್ನು ಬೇರೆಡೆಗೆ ಸರಿಸಿ, ಡೀಮನ್-ರೀಲೋಡ್ ಕೊಟ್ಟು ಮತ್ತೆ ಮಾಸ್ಕ್ ಮಾಡಿ. ಗ್ನೋಮ್ ಡೆಸ್ಕ್‌ಟಾಪಿನ ಫೈಲ್ ಹುಡುಕುವ ಟ್ರ್ಯಾಕರ್‌ನಂಥವು (ಹೊಸ ಆವೃತ್ತಿಗಳಲ್ಲಿ ಅದರ ಹೆಸರು ಲೋಕಲ್‌ಸರ್ಚ್) ಬಳಕೆದಾರರ ಸರ್ವಿಸ್‌ಗಳು. ಅವಕ್ಕೆ ಸುಡೊ ಇಲ್ಲದೆ, ಯೂಸರ್ ಎಂಬ ಆಯ್ಕೆಯೊಂದಿಗೆ ಇದೇ ಕಮಾಂಡ್ ಕೊಡಬೇಕು.

ಹೆಸರು ಪರಿಚಯವಿಲ್ಲ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಮಾಸ್ಕ್ ಮಾಡಬೇಡಿ. ಡಿ-ಬಸ್, ಲಾಗಿನ್ ನೋಡಿಕೊಳ್ಳುವ ಲಾಗಿನ್‌ಡಿ ಮುಚ್ಚಿದರೆ ಡೆಸ್ಕ್‌ಟಾಪ್‌ಗೆ ಲಾಗಿನ್ ಆಗುವುದೇ ಕಷ್ಟ. ನೀವು ಮಾಸ್ಕ್ ಮಾಡಲಿರುವ ಯೂನಿಟನ್ನು ಯಾವ ಯೂನಿಟ್‌ಗಳು ನೆಚ್ಚಿಕೊಂಡಿವೆ ಎಂಬುದನ್ನು ಲಿಸ್ಟ್-ಡಿಪೆಂಡೆನ್ಸೀಸ್ ಕಮಾಂಡಿಗೆ ರಿವರ್ಸ್ ಆಯ್ಕೆ ಸೇರಿಸಿ ನೋಡಿ. ತನ್ನ ಯೂನಿಟ್ ಫೈಲಿನಲ್ಲಿ 'ರಿಕ್ವಯರ್ಸ್' ಎಂದು ನೆಚ್ಚಿದ್ದು ಬೀಳುತ್ತದೆ, 'ವಾಂಟ್ಸ್' ಎಂದಿದ್ದರೆ ಮುಂದುವರಿಯುತ್ತದೆ. ಅನುಮಾನವಿದ್ದರೆ ಮಾಸ್ಕ್‌ಗೆ ರನ್‌ಟೈಮ್ ಆಯ್ಕೆ ಸೇರಿಸಿ ಪರೀಕ್ಷಿಸಿ; ರೀಬೂಟ್ ಮಾಡಿದರೆ ಅದು ಅಳಿದುಹೋಗುತ್ತದೆ.

ಕೊನೆಗೆ ರೀಬೂಟ್ ಮಾಡಿ, ಈಸ್-ಎನೇಬಲ್ಡ್ ಕೇಳಿದಾಗ ನಾಲ್ಕಕ್ಕೂ 'ಮಾಸ್ಕ್ಡ್' ಎಂದು ಬರಬೇಕು. ತೆರೆದ ಪೋರ್ಟುಗಳನ್ನು ತೋರಿಸುವ ಎಸ್‌ಎಸ್ ಕಮಾಂಡನ್ನು ಸುಡೊ ಜೊತೆ -tulpn ಸೇರಿಸಿ ಕೊಟ್ಟಾಗ ಪಟ್ಟಿಯಲ್ಲಿ 631 ಕಾಣಬಾರದು. ಕಂಡರೆ, ಅದೇ ಸಾಲಿನಲ್ಲಿರುವ ಪ್ರೊಸೆಸ್‌ನ ಹೆಸರಿನಿಂದ ಹುಡುಕಾಟ ಮತ್ತೆ ಆರಂಭಿಸಿ.