ಹಿಂಬದಿ ಸಸ್ಪೆನ್ಷನ್‌ಗೆ ಪಾಲಿಯುರೆಥೇನ್ ಬುಷ್: ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ

ಬುಷ್ ಎಂದರೆ ಸಸ್ಪೆನ್ಷನ್‌ನ ಕೀಲುಗಳಲ್ಲಿ ಲೋಹದ ಭಾಗಗಳ ನಡುವೆ ಕೂರುವ ಮೆತ್ತೆ. ಸಾಮಾನ್ಯವಾಗಿ ಅದು ರಬ್ಬರಿನದು; ಪಾಲಿಯುರೆಥೇನ್ ಎಂಬ ಕೃತಕ ವಸ್ತುವಿನದಾದರೆ ಪಾಲಿ ಬುಷ್. ಈ ಪಾಲಿ ಬುಷ್‌ಗಳ ಬಗ್ಗೆ ತಿಳಿಯಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು ಇದು: ರಬ್ಬರ್ ಮೆತ್ತಗೆ, ಪಾಲಿ ಗಟ್ಟಿ, ಬುಷ್ ಗಟ್ಟಿಯಾದಷ್ಟೂ ಕಾರು ಹೇಳಿದಂತೆ ಕೇಳುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಅರಿಯದೆ ಇಡೀ ಸೆಟ್ ತಂದು ಕೂರಿಸಿದರೆ ಕೆಲವು ಕಾರುಗಳು ಮೊದಲಿಗಿಂತ ಕೆಟ್ಟದಾಗಿ ತಿರುಗುತ್ತವೆ. ಆದ್ದರಿಂದ ಹಿಂಬದಿಯ ಒಂದೊಂದು ಬುಷ್ ಎದುರಿಗೂ ನಿಂತು ಮೊದಲು ಕೇಳಬೇಕಾದದ್ದು ‘ಎಷ್ಟು ಗಟ್ಟಿ?’ ಎಂದಲ್ಲ, ‘ಇಲ್ಲಿ ಇದು ಯಾವ ಯಾವ ದಿಕ್ಕಿಗೆ ಆಡಬೇಕು?’ ಎಂದು. ಗಡಸುತನದ ಲೆಕ್ಕ ಆಮೇಲಿನದು.

ರಬ್ಬರ್ ಬುಷ್ ಮಾಡುವ ಕೆಲಸ

ಕಾರ್ಖಾನೆಯಿಂದ ಬರುವ ಸಾಮಾನ್ಯ ಬುಷ್ ಎಂದರೆ ಎರಡು ಉಕ್ಕಿನ ಕೊಳವೆಗಳ ನಡುವೆ ಬೆಸೆದ ರಬ್ಬರ್. ಹೊರ ಕೊಳವೆ ಆರ್ಮ್‌ನ, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ತೋಳಿನ, ರಂಧ್ರದಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಒಳಗಿನ ಕೊಳವೆಯನ್ನು, ಅಂದರೆ ಸ್ಲೀವ್ ಅನ್ನು, ಬೋಲ್ಟ್ ಬ್ರಾಕೆಟ್‌ಗೆ ಅದುಮಿ ಹಿಡಿದಿರುತ್ತದೆ. ಹಾಗಾಗಿ ಅಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಚಕ್ರ ಮೇಲೇರಿದಾಗ ರಬ್ಬರ್ ತಾನೇ ತಿರುಚಿಕೊಳ್ಳುತ್ತದೆ, ಇಳಿದಾಗ ಬಿಡಿಸಿಕೊಳ್ಳುತ್ತದೆ. ಗ್ರೀಸ್ ಬೇಡ, ಸದ್ದಿಲ್ಲ, ರಸ್ತೆಯ ಸಣ್ಣ ಕಂಪನವನ್ನೂ ನುಂಗುತ್ತದೆ.

ಈ ಒಂದು ಸಂಗತಿ ಗೊತ್ತಿದ್ದರೆ ಕೈಪಿಡಿಗಳಲ್ಲಿ ಬರುವ ಒಂದು ಸೂಚನೆಯ ಕಾರಣವೂ ಹೊಳೆಯುತ್ತದೆ: ಬೋಲ್ಟ್‌ಗಳ ಕೊನೆಯ ಬಿಗಿತವನ್ನು ಕಾರಿನ ಭಾರ ಚಕ್ರಗಳ ಮೇಲೆ ಇರುವಾಗಲೇ ಮಾಡಬೇಕು. ಕಾರು ಜ್ಯಾಕ್ ಮೇಲಿದ್ದು ಆರ್ಮ್ ಕೆಳಗೆ ಜೋತಾಡುತ್ತಿರುವಾಗ ಬಿಗಿದರೆ ಆ ಭಂಗಿಯೇ ರಬ್ಬರಿನ ವಿಶ್ರಾಂತ ಸ್ಥಿತಿಯಾಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರಬೇಕಾಗುತ್ತದೆ, ಬೇಗ ಹರಿಯುತ್ತದೆ. ಹೊಸ ರಬ್ಬರ್ ಬುಷ್‌ಗಳು ಅಲ್ಪಾಯುಷಿಗಳಾದಾಗ ವಸ್ತುವನ್ನು ದೂರುವ ಮೊದಲು ಇದನ್ನು ಪರಿಶೀಲಿಸಬೇಕು.

ಇನ್ನು, ಬುಷ್‌ನ ಮೆದುತನವೆಲ್ಲ ಆರಾಮಕ್ಕಾಗಿ ಮಾತ್ರ ಎಂದುಕೊಳ್ಳಬಾರದು. ಹಳೆಯ ಬುಷ್ ಕೈಗೆ ಬಂದಾಗ ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಅನೇಕ ಬುಷ್‌ಗಳಲ್ಲಿ ಸ್ಲೀವ್‌ನ ಎರಡು ಬದಿಗೆ ಅರ್ಧಚಂದ್ರದಂಥ ಖಾಲಿ ಜಾಗಗಳು ಕಾಣುತ್ತವೆ. ಖಾಲಿ ಇರುವ ದಿಕ್ಕಿಗೆ ಬುಷ್ ಸುಲಭವಾಗಿ ಸರಿಯುತ್ತದೆ, ತುಂಬಿರುವ ದಿಕ್ಕಿಗೆ ಬಗ್ಗುವುದಿಲ್ಲ. ಅದಕ್ಕೇ ಕೂರಿಸುವ ಕೋನವನ್ನು ತೋರಿಸಲು ಅಂಚಿನಲ್ಲಿ ಗುರುತು ಹಾಕಿರುತ್ತಾರೆ. ಇದು ವಿನ್ಯಾಸಕಾರರು ಬೇಕೆಂದೇ ಇಟ್ಟ ಚಲನೆ.

ಇದರ ಪ್ರಸಿದ್ಧ ಉದಾಹರಣೆ 1977ರಲ್ಲಿ ಬಂದ ಪೋರ್ಷೆ 928ರ ವೈಸಾಖ್ ಆಕ್ಸಲ್ ಎಂಬ ಹಿಂಬದಿ ಸಸ್ಪೆನ್ಷನ್. ಸಾಮಾನ್ಯ ಸೆಮಿ ಟ್ರೇಲಿಂಗ್ ಆರ್ಮ್ (ಮುಂತುದಿಯಲ್ಲಿ ಓರೆಯಾಗಿ ಕೀಲಿಸಿ, ಹಿಂತುದಿಯಲ್ಲಿ ಚಕ್ರ ಹಿಡಿಯುವ ತೋಳು) ಇರುವ ಕಾರಿನಲ್ಲಿ ತಿರುವಿನ ನಡುವೆ ಆಕ್ಸಲರೇಟರ್ ಬಿಟ್ಟರೆ ಚಕ್ರ ಹಿಂದಕ್ಕೆ ಎಳೆಯಲ್ಪಟ್ಟು, ಬುಷ್ ಬಗ್ಗಿ, ಚಕ್ರದ ಮುಂಚೂಣಿ ಹೊರಮುಖವಾಗುತ್ತದೆ, ಇದು ಟೋ-ಔಟ್. ಕಾರಿನ ಹಿಂಭಾಗ ಹೊರಗೆ ಬೀಸುತ್ತದೆ. 928ರಲ್ಲಿ ಆರ್ಮ್‌ನ ಮುಂದಿನ ಕೀಲಿಗೆ ಒಂದು ಪುಟ್ಟ ಲಿಂಕ್ ಸೇರಿಸಿ ಅದೇ ಎಳೆತದಿಂದ ಚಕ್ರ ಒಳಮುಖವಾಗುವಂತೆ, ಅಂದರೆ ಟೋ-ಇನ್ ಆಗುವಂತೆ ಮಾಡಿದರು. ಎರಡನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಟ್ವಿಸ್ಟ್ ಬೀಮ್‌ನಲ್ಲಿ, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ತಿರುಚಬಲ್ಲ ಅಡ್ಡ ತೊಲೆಯಲ್ಲಿ, ಬುಷ್‌ಗಳನ್ನು ಓರೆಯಾಗಿ ಕೂರಿಸಿ, ತಿರುವಿನಲ್ಲಿ ಇಡೀ ಬೀಮ್ ತಪ್ಪು ದಿಕ್ಕಿಗೆ ಹೊರಳುವುದನ್ನು ಸರಿಪಡಿಸಿದರು. ಇಂಥ ಬುಷ್ ತೆಗೆದು ಎಲ್ಲ ದಿಕ್ಕಿಗೂ ಸಮಾನವಾಗಿ ಗಟ್ಟಿಯಾದ ತುಂಡೊಂದನ್ನು ತುರುಕುವ ಮೊದಲು ಎರಡು ಸಲ ಯೋಚಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ಮಿಲಿಮೀಟರಿನ ಲೆಕ್ಕ

ಹಾಗಾದರೆ ಗಟ್ಟಿ ಬುಷ್‌ನ ಅಗತ್ಯವಾದರೂ ಏನು? ಒಂದು ಕೆಳ ಆರ್ಮ್ ಬಾಡಿಗೆ ಎರಡು ಬುಷ್‌ಗಳ ಮೂಲಕ ಸೇರಿದೆ, ಅವುಗಳ ಅಂತರ 300 ಮಿ.ಮೀ. ಎಂದಿಟ್ಟುಕೊಳ್ಳೋಣ. ಸವೆದ ಮುಂದಿನ ಬುಷ್ ತಿರುವಿನ ಒತ್ತಡಕ್ಕೆ ಅಡ್ಡಲಾಗಿ 1 ಮಿ.ಮೀ. ಮಾತ್ರ ಸರಿಯಿತು. ಆರ್ಮ್ ತಿರುಗಿದ ಕೋನ 1ನ್ನು 300ರಿಂದ ಭಾಗಿಸಿದಷ್ಟು ರೇಡಿಯನ್, ಅಂದರೆ ಸುಮಾರು 0.19 ಡಿಗ್ರಿ. ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಯಂತ್ರದ ಭಾಷೆಯಲ್ಲಿ ಹನ್ನೊಂದು ನಿಮಿಷಕ್ಕೂ ಹೆಚ್ಚು, ಏಕೆಂದರೆ ಒಂದು ಡಿಗ್ರಿಗೆ 60 ನಿಮಿಷ. ಅನೇಕ ಕಾರುಗಳಲ್ಲಿ ಹಿಂದಿನ ಒಂದು ಚಕ್ರಕ್ಕೆ ಕೊಡುವ ಟೋ-ಇನ್ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಹೀಗೆ ಒಂದೇ ಮಿಲಿಮೀಟರು, ಅಲೈನ್‌ಮೆಂಟ್‌ನಲ್ಲಿ ಕಷ್ಟಪಟ್ಟು ಹೊಂದಿಸಿದ್ದನ್ನೆಲ್ಲ ತಿರುವಿನಲ್ಲಿ ಅಳಿಸಿಹಾಕಬಲ್ಲದು. ವೇಗದಲ್ಲಿ ಲೇನ್ ಬದಲಿಸುವಾಗ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸಿದಂತೆ ಅನಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಬೇಡದ ಈ ಸರಿತವನ್ನು ಕಡಿಮೆ ಮಾಡುವುದರಲ್ಲಿ ಪಾಲಿ ಬುಷ್ ನಿಜಕ್ಕೂ ಸಮರ್ಥ. ಆದರೆ ಸವೆದ ರಬ್ಬರನ್ನು ಹೊಸ ಪಾಲಿಯೊಂದಿಗೆ ಹೋಲಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಹೊಸ ಮೂಲ ಬುಷ್ ಹಾಕಿದರೂ ಸುಧಾರಣೆಯ ಬಹುಪಾಲು ಕೈಗೆ ಬರುತ್ತದೆ.

ಪಾಲಿಯ ಸ್ವಭಾವ

ಪಾಲಿಯುರೆಥೇನ್ ರಸಾಯನವನ್ನು 1937ರಲ್ಲಿ ಜರ್ಮನಿಯ ಲೆವರ್ಕೂಸೆನ್‌ನಲ್ಲಿ ಆಟೋ ಬೇಯರ್ ಮತ್ತು ಸಂಗಡಿಗರು ರೂಪಿಸಿದರು. ಇದರ ಗಡಸುತನವನ್ನು ಬೇಕಾದಂತೆ ಹೊಂದಿಸಬಹುದು. ಮೆತ್ತನೆಯ ವಸ್ತುಗಳ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ರಬ್ಬರ್ ಬುಷ್‌ಗಳು ಸಾಮಾನ್ಯವಾಗಿ 50ರಿಂದ 70ರ ನಡುವೆ ಇದ್ದರೆ, ಪಾಲಿ ಬುಷ್‌ಗಳು 70ರಿಂದ 95ರ ನಡುವೆ ಸಿಗುತ್ತವೆ. ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುವಷ್ಟು ಇದು ಆಗುವುದಿಲ್ಲ. ಪಾಲಿಎಸ್ಟರ್ ಬಗೆಯದು ತೇವದಲ್ಲಿ ಕಾಲಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ, ಪಾಲಿಈಥರ್ ಬಗೆಯದು ನೀರನ್ನು ಚೆನ್ನಾಗಿ ತಾಳುತ್ತದೆ.

ಇಷ್ಟು ವಸ್ತುವಿನ ಮಾತಾಯಿತು. ಹೆಚ್ಚು ಮುಖ್ಯವಾದದ್ದು ಅದು ಕೆಲಸ ಮಾಡುವ ಬಗೆ. ಪಾಲಿ ಬುಷ್ ಸಾಮಾನ್ಯವಾಗಿ ಎರಡು ಹೋಳುಗಳಲ್ಲಿ ಬರುತ್ತದೆ, ನಡುವೆ ಬಿಡಿಯಾದ ಉಕ್ಕಿನ ಸ್ಲೀವ್. ಪಾಲಿ ತಿರುಚಿಕೊಳ್ಳುವುದಿಲ್ಲ, ಸ್ಲೀವ್ ಮೇಲೆ ಜಾರುತ್ತದೆ. ಬಾಗಿಲಿನ ತಿರುಗಣಿಯಂತೆ ಒಂದೇ ಅಕ್ಷದ ಸುತ್ತ ಸಲೀಸಾಗಿ ತಿರುಗುತ್ತದೆ. ಆ ಅಕ್ಷವನ್ನೇ ಓರೆ ಮಾಡಲು ಹೋದರೆ ಸೆಟೆದು ನಿಲ್ಲುತ್ತದೆ. ರಬ್ಬರ್ ಎರಡನ್ನೂ ಸ್ವಲ್ಪ ಸ್ವಲ್ಪ ಒಪ್ಪಿಕೊಳ್ಳುತ್ತದೆ. ಎಲ್ಲಿ ಯಾವುದು ಎಂಬ ನಿರ್ಧಾರವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಜಾಗದಿಂದ ಜಾಗಕ್ಕೆ

ಹಿಂದೆಯೂ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಅಗಲ ಆರ್ಮ್) ಇರುವ ಮೊದಲ ಎರಡು ತಲೆಮಾರಿನ ಮಾಜ್ದಾ ಎಂಎಕ್ಸ್-5ರಂಥ ಕಾರಿನಲ್ಲಿ ಅಗಲವಾದ ಆರ್ಮ್ ತನ್ನ ಎರಡು ಒಳ ಬುಷ್‌ಗಳನ್ನು ಸೇರಿಸುವ ರೇಖೆಯ ಸುತ್ತ ತಿರುಗುತ್ತದೆ. ಪಾಲಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಾದ ಆಂಟಿ-ರೋಲ್ ಬಾರ್‌ನ ಬುಷ್ ಕೂಡ ಹಾಗೆಯೇ. ಖರ್ಚು ಕಡಿಮೆ, ಕೆಲಸ ಸುಲಭ, ಫಲ ತಕ್ಷಣ ಗೊತ್ತಾಗುತ್ತದೆ. ಕಲಿಯುವವರು ಇಲ್ಲಿಂದ ಆರಂಭಿಸುವುದು ಲೇಸು. ಸಸ್ಪೆನ್ಷನ್ ಹೊತ್ತು ಬಾಡಿಗೆ ಸೇರುವ ಚೌಕಟ್ಟಾದ ಸಬ್‌ಫ್ರೇಮ್‌ನ ಬುಷ್ ತಿರುಗಬೇಕಾಗಿಯೇ ಇಲ್ಲ, ಹಾಗಾಗಿ ಪಾಲಿ ಅಲ್ಲಿ ಸೆಟೆಯುವ ಪ್ರಶ್ನೆಯಿಲ್ಲ, ಆದರೆ ಟೈರ್ ಮತ್ತು ಡಿಫರೆನ್ಷಿಯಲ್ ಸದ್ದು ಒಳಗೆ ಬರುತ್ತದೆ.

ತೊಡಕಿನ ಜಾಗಗಳು ಬೇರೆ. ಬಿಎಂಡಬ್ಲ್ಯು 3 ಸರಣಿಯ ಇ36 ಮತ್ತು ಇ46 ಮಾದರಿಗಳಲ್ಲಿ ಟ್ರೇಲಿಂಗ್ ಆರ್ಮ್‌ನ ಮುಂತುದಿಯಲ್ಲಿ ಒಂದೇ ಒಂದು ಬುಷ್ ಇದೆ. ಚಕ್ರ ಮೇಲೇರುವಾಗ ಅಡ್ಡ ಲಿಂಕ್‌ಗಳು ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಗೋ ಹೊರಗೋ ವಾಲಿದ ಕೋನವನ್ನು, ಬದಲಿಸುತ್ತವೆ, ಅದರೊಂದಿಗೆ ಆರ್ಮ್ ಕೂಡ ಹೊರಳಬೇಕು. ಆ ಬುಷ್ ಎರಡು ಅಕ್ಷಗಳಲ್ಲಿ ಆಡಲೇಬೇಕು. ಅಲ್ಲಿ ಗಟ್ಟಿ ಪಾಲಿ ಸೆಟೆಯುತ್ತದೆ, ಅಂಚುಗಳಲ್ಲಿ ಜಜ್ಜಿ ಸವೆಯುತ್ತದೆ. ಹೊಸ ರಬ್ಬರ್ ಬುಷ್ ಹಾಕಿ, ಅಡ್ಡ ಸರಿತವನ್ನು ತಡೆಯುವ ಲಿಮಿಟರ್ ಬಿಲ್ಲೆಗಳನ್ನು ಎರಡೂ ಬದಿಗೆ ಸೇರಿಸುವುದು ರಸ್ತೆಯ ಕಾರಿಗೆ ಉತ್ತಮ ಎಂಬುದು ನನ್ನ ಅಭಿಪ್ರಾಯ. ರೇಸ್ ಕಾರಿಗಾದರೆ ಗೋಳಾಕಾರದ ಬೇರಿಂಗ್.

‘ಫಾಕ್ಸ್ ಬಾಡಿ’ ಎಂದು ಹೆಸರಾದ ಹಳೆಯ ತಲೆಮಾರಿನ ಫೋರ್ಡ್ ಮಸ್ಟಾಂಗ್‌ನ ಪಾಠ ಇನ್ನೂ ಸ್ಪಷ್ಟ. ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್ ಅನ್ನು ನಾಲ್ಕು ಲಿಂಕ್‌ಗಳು ಹಿಡಿದಿವೆ, ಮೇಲಿನ ಎರಡು ಓರೆಯಾಗಿವೆ. ಕಾರು ವಾಲಿದಾಗ ಪ್ರತಿ ಲಿಂಕ್ ತನ್ನ ಉದ್ದದ ಸುತ್ತ ತಿರುಚಬೇಕು. ನಾಲ್ಕರಲ್ಲೂ ಪಾಲಿ ತುಂಬಿದರೆ ಲಿಂಕ್‌ಗಳು ಒಂದಕ್ಕೊಂದು ಅಡ್ಡ ಬಂದು ಇಡೀ ಆಕ್ಸಲ್ ಭಾರಿ ಆಂಟಿ-ರೋಲ್ ಬಾರ್ ಆಗಿಬಿಡುತ್ತದೆ. ಹಿಂದಿನ ಹಿಡಿತ ಮುನ್ಸೂಚನೆಯಿಲ್ಲದೆ ತಪ್ಪುತ್ತದೆ. ಆದ್ದರಿಂದ ಅಲ್ಲಿ ಮೇಲಿನ ಲಿಂಕ್‌ಗಳಲ್ಲಿ ಮೆತ್ತನೆಯ ರಬ್ಬರ್ ಉಳಿಸಿಕೊಳ್ಳುತ್ತಾರೆ.

ಜೋಡಣೆಯಲ್ಲಿ ಗಮನಿಸಬೇಕಾದವು

ಹಳೆಯ ಬುಷ್ ತೆಗೆಯುವ ಮುನ್ನ ಕಿಟ್‌ನ ಸೂಚನೆ ಓದಿ. ಕೆಲವು ಪಾಲಿ ಬುಷ್‌ಗಳಿಗೆ ಹಳೆಯ ಹೊರ ಕೊಳವೆ ಆರ್ಮ್‌ನಲ್ಲೇ ಉಳಿಯಬೇಕು, ಕೆಲವಕ್ಕೆ ಅದೂ ಹೊರಬರಬೇಕು. ಬೆಂಕಿ ಹಚ್ಚಿ ರಬ್ಬರ್ ಸುಡುವ ವಾಡಿಕೆಯಿದೆ, ಅದರ ಹೊಗೆ ವಿಷ. ಪ್ರೆಸ್ ಅಥವಾ ಉದ್ದ ಬೋಲ್ಟ್ ಮತ್ತು ಸಾಕೆಟ್‌ಗಳಿಂದ ಎಳೆದು ತೆಗೆಯುವುದೇ ಸರಿ.

ನಂತರ ಎರಡು ಹೋಳುಗಳನ್ನು ರಂಧ್ರದಲ್ಲಿ ಕೂರಿಸಿ, ಸ್ಲೀವ್ ತೂರಿಸಿ, ವರ್ನಿಯರ್‌ನಿಂದ ಅಳೆಯಿರಿ. ಸ್ಲೀವ್ ಪಾಲಿಯ ಎರಡು ಮುಖಗಳಿಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿರಬೇಕು. ಆಗ ಬೋಲ್ಟ್ ಬಿಗಿದಾಗ ಬ್ರಾಕೆಟ್ ಸ್ಲೀವ್ ಅನ್ನು ಹಿಡಿಯುತ್ತದೆ, ಪಾಲಿ ತಿರುಗಲು ಸ್ವತಂತ್ರವಾಗಿರುತ್ತದೆ. ಸ್ಲೀವ್ ಗಿಡ್ಡವಾದರೆ ಬ್ರಾಕೆಟ್ ಪಾಲಿಯನ್ನೇ ಹಿಂಡುತ್ತದೆ. ಕಿಟ್‌ನೊಂದಿಗೆ ಬಂದ ಗ್ರೀಸ್ ಅನ್ನು ಸ್ಲೀವ್ ಮೇಲೂ ಅಂಚಿನ ಮುಖಗಳ ಮೇಲೂ ಧಾರಾಳವಾಗಿ ಬಳಿಯಬೇಕು. ಕಿರುಗುಟ್ಟುವ ಪಾಲಿ ಬುಷ್‌ಗಳಲ್ಲಿ ಹೆಚ್ಚಿನವು ಒಣಗಿದವು.

ಸ್ಪ್ರಿಂಗ್, ಡ್ಯಾಂಪರ್ ಜೋಡಿಸುವ ಮುನ್ನ ಬೋಲ್ಟ್‌ಗಳನ್ನು ನಿಗದಿತ ಟಾರ್ಕ್‌ಗೆ ಬಿಗಿದು ಆರ್ಮ್ ಅನ್ನು ಕೈಯಿಂದ ಎತ್ತಿ ಬಿಡಿ. ಪಾಲಿ ಸರಿಯಾಗಿ ಕುಳಿತಿದ್ದರೆ ಆರ್ಮ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತದೆ. ಬಿಟ್ಟಲ್ಲೇ ನಿಂತರೆ ಸ್ಲೀವ್ ಉದ್ದ, ರಂಧ್ರದ ತುಕ್ಕು, ಬ್ರಾಕೆಟ್‌ನ ಬಾಗು ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ರಬ್ಬರ್ ಉಳಿದಿರುವ ಕೀಲುಗಳನ್ನು ಮಾತ್ರ ಕಾರು ನೆಲಕ್ಕಿಳಿದ ಮೇಲೆ ಬಿಗಿಯಬೇಕು. ಆಮೇಲೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಕೆಲಸಕ್ಕೆ ಮುಂಚಿನ ಟೋ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.